ಚೋಂದಮ್ಮ ಕೂರಿಸಿದ ಬ್ಯಾರಲ್

ಕೊಡಗಿನ ಊರೊಂದರ ಅಂಚಿನಲ್ಲಿ ಉತ್ತಯ್ಯನವರು ಬಂದೂಕು ರಿಪೇರಿ ಮಾಡುತ್ತಿದ್ದರು. ಒಂದು ಕೋಣೆ, ಲೋಹ ಕಡೆಯುವ ಒಂದು ಲೇತು, ಹಿತ್ತಿಲಲ್ಲಿ ಗುಂಡು ಹಾರಿಸಿ ನೋಡಲು ಒಂದು ಮಣ್ಣಿನ ದಿಬ್ಬ. ಅಷ್ಟೇ.

ಚೋಂದಮ್ಮ ಅವರ ಶಿಷ್ಯೆ. ಮೊದಲು ಶೂಟಿಂಗ್ ಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಭುಜದ ನೋವು ಬಂದು ಅದು ನಿಂತಿತು. ಬಂದೂಕಿನ ಸಹವಾಸ ಬಿಡಲು ಮನಸ್ಸಾಗದೆ ಈ ಕೆಲಸ ಕಲಿಯಲು ಬಂದಿದ್ದಳು.

ಅವಳ ಬಳಿ ತನ್ನದೇ ಒಂದು ಪಾಯಿಂಟ್ ಟೂ ಟೂ ರೈಫಲ್ ಇತ್ತು. ಅದರದು ಸಣ್ಣ ಗುಂಡು. ಬುಡದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುವಂಥದ್ದು. ಕೆಲವು ಮಳೆಗಾಲ ಪೆಟ್ಟಿಗೆಯಲ್ಲೇ ಇದ್ದು ಬ್ಯಾರಲ್ಲಿನ ಒಳಗೆಲ್ಲ ತುಕ್ಕು ಹಿಡಿದಿತ್ತು. ಅದನ್ನು ಸರಿಮಾಡಿ ಮಾರಬೇಕು, ಬಂದದ್ದರಲ್ಲಿ ಒಂದು ಲೇತು ಕೊಂಡು ಸ್ವಂತ ಕೆಲಸ ಶುರು ಮಾಡಬೇಕು ಎಂಬುದು ಅವಳ ಆಸೆ.

“ಗುರುಗಳೇ, ಹೊಸ ಬ್ಯಾರಲ್ ಹಾಕಿದ್ರೆ ಬೆಲೆ ಏರುತ್ತಾ, ಇಳಿಯುತ್ತಾ?”

“ಎರಡೂ ಆಗಬಹುದು.”

“ಅದು ಹೇಗೆ?”

“ಕಂಪನಿಯ ಬ್ಯಾರಲ್ ಇದ್ರೆ ಜನ ಕಂಪನಿಯನ್ನ ನಂಬ್ತಾರೆ. ನೀನು ಕೂರಿಸಿದ್ರೆ ನಿನ್ನನ್ನ ನಂಬಬೇಕಾಗುತ್ತೆ.”

“ನಾನೇ ಕೂರಿಸ್ತೀನಿ.”

ಉತ್ತಯ್ಯ ಲೇತಿನ ಮುಂದಿದ್ದ ತಮ್ಮ ಸ್ಟೂಲನ್ನು ಅವಳ ಕಡೆ ತಳ್ಳಿದರು.

ಆ ರೈಫಲ್ಲಿನಲ್ಲಿ ಬ್ಯಾರಲ್ಲಿನ ಬುಡ ಹಿಂದಿನ ಕಬ್ಬಿಣದ ಚೌಕಟ್ಟಿಗೆ ಬಿಗಿಯಾಗಿ ಕೂರಬೇಕು. ಬಲವಾಗಿ ಒತ್ತಿದರೆ ಮಾತ್ರ ಒಳಗೆ ಹೋಗಬೇಕು. ಚೋಂದಮ್ಮ ಹೊಸ ಬ್ಯಾರಲ್ ತರಿಸಿ ತಾಳ್ಮೆಯಿಂದ ಅದರ ಬುಡ ಕಡೆದಳು, ಅಳೆದಳು, ಮತ್ತೆ ಕಡೆದಳು. ಕೊನೆಯ ಸಲ ಕೈ ಒಂದು ಕೂದಲೆಳೆ ಹೆಚ್ಚು ಓಡಿತು. ಬ್ಯಾರಲ್ ಸದ್ದಿಲ್ಲದೆ ಜಾರಿಕೊಂಡು ಒಳಗೆ ಹೋಯಿತು.

ಬುಡ ಸಡಿಲವಾಗಿತ್ತು. ಗುರುಗಳು ಹೊರಗೆ ಯಾರ ಜೊತೆಗೋ ಮಾತಾಡುತ್ತಿದ್ದರು. ಅವಳು ಬುಡಕ್ಕೆ ಗಟ್ಟಿ ಅಂಟು ಸವರಿ ಕೂರಿಸಿದಳು, ಸುತ್ತ ಒರೆಸಿದಳು. ಹೊರಗಿನಿಂದ ನೋಡಿದರೆ ಕೂದಲು ತೂರುವಷ್ಟೂ ಸಂದು ಕಾಣುತ್ತಿರಲಿಲ್ಲ.

ಅಂಟು ಒಣಗಿದ ಮೇಲೆ ಇಬ್ಬರೂ ಹಿತ್ತಿಲಿಗೆ ಹೋದರು. ಮೊದಲ ಕೆಲವು ಗುಂಡುಗಳು ಒಂದೇ ತೂತಿನಲ್ಲಿ ಹೋದವು.

“ನೋಡಿದ್ರಾ ಗುರುಗಳೇ?”

“ನೋಡ್ದೆ. ಇನ್ನೂ ಹೊಡಿ.”

ಅವಳು ಹೊಡೆದಳು.

“ಇನ್ನೂ ಹೊಡಿ.”

ಬ್ಯಾರಲ್ ಬಿಸಿಯಾಯಿತು. ಗುಂಡುಗಳು ನಿಧಾನವಾಗಿ ಎಡಕ್ಕೆ ಸರಿದವು, ಆಮೇಲೆ ಮೇಲಕ್ಕೆ. ಉತ್ತಯ್ಯ ಬಗ್ಗಿ ಕೆಳಗೆ ಬಿದ್ದಿದ್ದ ಖಾಲಿ ತೋಟೆಯೊಂದನ್ನು, ಗುಂಡು ಹಾರಿದ ಮೇಲೆ ಉಳಿದ ಹಿತ್ತಾಳೆಯ ಕೊಳವೆಯನ್ನು, ಆರಿಸಿ ಅವಳ ಅಂಗೈಯಲ್ಲಿಟ್ಟರು. ಬುಡದ ಅಂಚು ಉಬ್ಬಿತ್ತು.

ಅವಳಿಗೆ ಅರ್ಥವಾಯಿತು. ಬ್ಯಾರಲ್ ಮುಂದಕ್ಕೆ ಸರಿಯುತ್ತಿದೆ. ಹಿಂದೆ ಸಂದು ಬೀಳುತ್ತಿದೆ. ಹೀಗೇ ಬಿಟ್ಟರೆ ಒಂದು ದಿನ ತೋಟೆ ಹಿಂದಕ್ಕೆ, ಹೊಡೆಯುವವರ ಮುಖಕ್ಕೇ ಸಿಡಿಯುತ್ತದೆ.

“ಅಂಟು ಹಾಕಿದೀನಿ,” ಎಂದಳು ತಲೆ ತಗ್ಗಿಸಿ.

“ಹೂಂ.”

“ಇನ್ನೂ ಒಳ್ಳೇ ಅಂಟು ಸಿಗುತ್ತೆ ಗುರುಗಳೇ. ಮೈಸೂರಿನಿಂದ ರೆಹಾನಾ ಮೇಡಂ ನೋಡೋಕೆ ಬರ್ತಾರೆ. ಶಾಲೆ ಹುಡುಗಿಯರಿಗೆ ಕಲಿಸೋಕೆ ಅವರಿಗೊಂದು ರೈಫಲ್ ಬೇಕಂತೆ. ಇಲ್ಲಿ ನಾಲ್ಕು ಗುಂಡು ಹೊಡೆದು ನೋಡ್ತಾರೆ, ಅಷ್ಟೇ.”

ಉತ್ತಯ್ಯ ಗದರಲಿಲ್ಲ. ಅವಳ ಕೈಯಿಂದ ರೈಫಲ್ ತೆಗೆದುಕೊಂಡರು. ಚಾಪೆಯ ಮೇಲೆ ಕಷ್ಟಪಟ್ಟು ಮಲಗಿದರು. ಗುಂಡು ತುಂಬಿ, ಕೆನ್ನೆ ಒತ್ತಿ, ಕಣ್ಣನ್ನು ಗುರಿ ನೋಡುವ ಹಿಂದಿನ ಕಿಂಡಿಗೆ ತಂದರು.

ಚೋಂದಮ್ಮ ಬಗ್ಗಿ ಅವರ ಕೈ ಹಿಡಿದಳು. “ಬೇಡ.”

“ಯಾಕೆ?”

“ನಿಮ್ಮ ಕಣ್ಣು...”

“ನನ್ನದು ಹಳೇ ಕಣ್ಣು. ಆ ಹುಡುಗಿಯರದು?” ಎಂದರು ಉತ್ತಯ್ಯ.

ಅವಳು ಅವರ ಕೈಯಿಂದ ರೈಫಲ್ ಬಿಡಿಸಿಕೊಂಡು ಗುಂಡು ಹೊರತೆಗೆದಳು. ಅವರನ್ನು ಎಬ್ಬಿಸಿ ಕೂರಿಸಿ, ಮೊಣಕೈಯ ಮಣ್ಣು ಒರೆಸಿದಳು. ಒರೆಸುತ್ತಾ ಅತ್ತಳು. ಅವರು ಇನ್ನೊಂದು ಮೊಣಕೈಯನ್ನೂ ಅವಳ ಕಡೆ ಚಾಚಿದರು.

ಮಾರನೇ ದಿನ ಅವಳು ಬ್ಯಾರಲ್ ಬಿಚ್ಚಿದಳು. ಹೆಚ್ಚು ಕಡೆದಿದ್ದ ಬುಡವನ್ನು ಕತ್ತರಿಸಿ ತೆಗೆದಳು. ಹೊಸ ಬುಡ ಕಡೆದಳು, ಗುಂಡು ಕೂರುವ ಜಾಗವನ್ನು ಮತ್ತೆ ಕೊರೆದಳು. ಈ ಸಲ ಬ್ಯಾರಲ್ ಮೈಭಾರ ಹಾಕಿ ಒತ್ತಿದಾಗ ಮಾತ್ರ ಒಳಗೆ ಹೋಯಿತು. ಗುಂಡಿನ ಪೊಟ್ಟಣ ಮುಗಿಯುವವರೆಗೂ ಹೊಡೆದಳು. ಗುರಿ ಸರಿಯಲಿಲ್ಲ. ತೋಟೆಗಳ ಅಂಚು ಉಬ್ಬಲಿಲ್ಲ. ಆದರೆ ಬ್ಯಾರಲ್ ಎರಡು ಬೆರಳು ಗಿಡ್ಡವಾಗಿತ್ತು.

ರೆಹಾನಾ ಬಂದರು. ಹೊಡೆದು ನೋಡಿ ಮೆಚ್ಚಿದರು.

“ಚೆನ್ನಾಗಿದೆ. ಮೂಲ ಬ್ಯಾರಲ್ಲಾ?”

ಚೋಂದಮ್ಮ ಗುರುಗಳ ಕಡೆ ನೋಡಿದಳು. ಅವರು ಅರದಿಂದ ಯಾವುದೋ ತಿರುಪು ಉಜ್ಜುತ್ತಿದ್ದರು, ತಲೆ ಎತ್ತಲಿಲ್ಲ.

“ಅಲ್ಲ ಮೇಡಂ. ನಾನೇ ಕೂರಿಸಿದ್ದು. ಮೊದಲ ಸಲ ಕೆಡಿಸಿದೆ. ಕತ್ತರಿಸಿ ಮತ್ತೆ ಕೂರಿಸಿದ್ದರಿಂದ ಸ್ವಲ್ಪ ಗಿಡ್ಡ ಆಗಿದೆ.”

ರೆಹಾನಾ ಬ್ಯಾರಲ್ಲಿನ ಉದ್ದಕ್ಕೂ ಬೆರಳಾಡಿಸಿದರು.

“ಹಾಗಾದ್ರೆ ನೀವು ಕೇಳಿದ ಬೆಲೆ ಆಗಲ್ಲಮ್ಮ. ನಾಳೆ ನಾವು ಮಾರೋಕೆ ಹೋದ್ರೆ ಕಂಪನಿಯ ಬ್ಯಾರಲ್ ಅಲ್ಲ ಅಂತ ಮುಟ್ಟೋರೇ ಇರಲ್ಲ. ಅರ್ಧ ಕೊಡಬಹುದು.”

ನಿಜ ಹೇಳಿದ್ದಕ್ಕೆ ಒಂದು ಒಳ್ಳೆಯ ಮಾತಾದರೂ ಬಂದೀತೆಂದು ಚೋಂದಮ್ಮ ಕಾದಳು. ಬರಲಿಲ್ಲ.

“ಆಗಲಿ,” ಎಂದಳು.

ಪರವಾನಗಿಯ ಕಾಗದಗಳೆಲ್ಲ ಮುಗಿದ ದಿನ ರೆಹಾನಾ ರೈಫಲ್ ಒಯ್ಯಲು ಬಂದರು. ಪೆಟ್ಟಿಗೆ ಮುಚ್ಚುವ ಮೊದಲು ಚೋಂದಮ್ಮ ಅದನ್ನು ಮತ್ತೊಮ್ಮೆ ಒರೆಸಿದಳು.

“ಇದರ ಕುದುರೆ ಎಳೆಯೋಕೆ ಸ್ವಲ್ಪ ಗಡುಸು ಮೇಡಂ. ಅವಸರ ಮಾಡಬೇಡಿ ಅಂತ ಹುಡುಗಿಯರಿಗೆ ಹೇಳಿ.”

ಜೀಪು ಇಳಿಜಾರಿನಲ್ಲಿ ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಕೂತಳು. ಉತ್ತಯ್ಯ ಎರಡು ಲೋಟಗಳಲ್ಲಿ ಕಾಫಿ ಬಗ್ಗಿಸುತ್ತಿದ್ದರು.

“ಲೇತು ಸದ್ಯಕ್ಕೆ ಬರಲ್ಲ ಗುರುಗಳೇ.”

“ಇಲ್ಲಿ ಒಂದಿದೆಯಲ್ಲ.”

“ಅದು ನಿಮ್ಮದು.”

“ಬೆಳಗ್ಗೆ ನೀನು ಮಾಡು. ಮಧ್ಯಾಹ್ನ ನಾನು ಮಾಡ್ತೀನಿ. ನನಗೀಗ ಬೆಳಗ್ಗೆ ಬೇಗ ಏಳೋಕಾಗಲ್ಲ.”

ಅವರು ಕೋಳಿ ಕೂಗುವ ಮೊದಲೇ ಏಳುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳು ನಕ್ಕಳು. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ.

“ಅಷ್ಟು ವರ್ಷ ಜೊತೆಗಿದ್ದದ್ದನ್ನ ಅರ್ಧ ಬೆಲೆಗೆ ಮಾರಿಬಿಟ್ಟೆ ಗುರುಗಳೇ.”

ಉತ್ತಯ್ಯ ಲೋಟವನ್ನು ಅವಳ ಮುಂದಿಟ್ಟರು.

“ಮಾರಿದ್ದು ರೈಫಲ್ಲನ್ನ ತಾನೇ, ನಂಬಿಕೆಯನ್ನಲ್ಲವಲ್ಲ. ಕುಡಿ, ಆರಿಹೋಗುತ್ತೆ.”