ನಿದ್ದೆ ಬಡಿಸಿದ ಕಾಡುಬೆಕ್ಕು

ಮೀಸೆ ಮುಟ್ಟಿ ಹೇಳುತ್ತೇನೆ, ಮಕ್ಕಳೇ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆವತ್ತಿನ ಪಂಕ್ತಿಗೆ ಎಲೆ ಹಾಸಿದವನೇ ಈ ನಿಮ್ಮ ಭರಮಣ್ಣ ಮಾವ. ನನ್ನಷ್ಟು ನೇರವಾಗಿ ಎಲೆ ಹಾಸುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಲೋಕ ಆಗಷ್ಟೇ ಹೊಸದು. ಬೆಟ್ಟಗಳ ಮೈ ಇನ್ನೂ ಹಸಿ. ಆನೆ ಕಲ್ಲು ಹೊರಬೇಕು, ಇರುವೆ ಮಣ್ಣು ಎಳೆಯಬೇಕು, ಹೊಳೆ ತನ್ನ ದಾರಿ ತಾನೇ ಅಗೆದುಕೊಳ್ಳಬೇಕು. ದಣಿವು ಬೇಕಾದಷ್ಟಿತ್ತು, ನಿದ್ದೆ ಮಾತ್ರ ಇರಲಿಲ್ಲ. ಎಲ್ಲರಿಗೂ ಕಣ್ಣುರಿ, ಎಲ್ಲರಿಗೂ ಮೈಕೈ ನೋವು. ಗಾಳಿ ಕೂಡ ಮರಕ್ಕೆ ಒರಗಿ ನಿಂತುಬಿಡುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಬಳಲಿದ್ದು ಕಾಡುಬೆಕ್ಕಿನ ಮರಿ. ಅಂಗೈಯಷ್ಟು ಮರಿ, ಹುಟ್ಟಿದಾಗಿನಿಂದ ಒಮ್ಮೆಯೂ ಮಲಗಿರಲಿಲ್ಲ. ಅಳಲೂ ತ್ರಾಣವಿಲ್ಲದೆ ತಾಯಿಯ ಹೊಟ್ಟೆಗೆ ಮುಖ ಒತ್ತಿ, "ಅಮ್ಮಾ, ಸಾಕಾಯ್ತು" ಎನ್ನುತ್ತಿತ್ತು.

ಇದು ಸಂಜವ್ವನ ಕಿವಿಗೆ ಬಿತ್ತು. ಸಂಜವ್ವ ಅಂದರೆ ಸಂಜೆ; ಕೆಂಪು ಸೀರೆಯ ಮುದುಕಿ. ಆಕೆ ಒಲೆಯ ಮೇಲೆ ದೊಡ್ಡ ಹಂಡೆಯಿಟ್ಟು, ಸಣ್ಣ ಉರಿಯಲ್ಲಿ, ಲೋಕದ ಮೊದಲ ನಿದ್ದೆ ಬೇಯಿಸಿದಳು. ಗಂಜಿಯ ಹಾಗೆ ಮಂದ, ಹಾಲಿನ ಹಾಗೆ ಬೆಚ್ಚಗೆ.

"ಬಡಿಸೋಕೆ ಯಾರು ಬರ್ತೀರಿ?" ಎಂದು ಕೂಗಿದಳು.

ಎಲ್ಲರೂ ಆಗಲೇ ಎಲೆ ಮುಂದೆ ಕೂತಾಗಿತ್ತು. ಎದ್ದು ಬಂದದ್ದು ಕಾಡುಬೆಕ್ಕು, ಪುನುಗುಬೆಕ್ಕು, ಮತ್ತೆ ಮರದಿಂದ ನಿಧಾನವಾಗಿ ಇಳಿದ ಕಾಡುಪಾಪ. ಅಷ್ಟೇ.

"ಪದ್ಧತಿ ಗೊತ್ತಲ್ಲ? ಬಡಿಸಿದವರು, ಅವರ ಮನೆಯವರು ಕೊನೇ ಪಂಕ್ತಿ."

"ಗೊತ್ತವ್ವ," ಎಂದಿತು ಕಾಡುಬೆಕ್ಕು. ಅಷ್ಟು ದೊಡ್ಡ ಹಂಡೆ. ನನ್ನ ಮರಿಗೆ ಒಂದು ತೊಟ್ಟು ಉಳಿಯದೆ ಹೋದೀತೇ ಅಂದುಕೊಂಡಿತು.

ಕಾಡುಬೆಕ್ಕು ಬಡಿಸಿತು. ಬಗ್ಗಿ ಬಗ್ಗಿ ಬಡಿಸಿತು.

"ಬೆಕ್ಕಕ್ಕ, ಇದೇನು ಸೌಟೋ ಚಮಚವೋ? ಮೈ ನೋಡಿ ಹಾಕು!" ಎಂದಿತು ಕಾಡುಕೋಣ.

"ನನಗೆ ಉದ್ದಕ್ಕೂ ಹಾಕು. ತಲೆಗೊಂದು, ನಡುವಿಗೊಂದು, ಬಾಲಕ್ಕೊಂದು," ಎಂದಿತು ಹೆಬ್ಬಾವು.

"ನನಗೂ ಒಂದಿಷ್ಟು," ಎಂದಿತು ಹೊಳೆ.

"ನೀನು ಮಲಗಿದರೆ ನೀರು ತರೋರ್ಯಾರು?" ಎಂದಿತು ಗಾಳಿ.

"ನೀನು ಹೇಳಬೇಡ ಮಾರಾಯ, ಹಂಡೆಗೆ ಎರಡು ಸಲ ಬಾಯಿ ಹಾಕಿದ್ದು ನೋಡಿದೀನಿ!"

ಕಾಡುಬೆಕ್ಕು ಬಡಿಸಿತು. ಕಾಲು ಸೋತರೂ ಬಡಿಸಿತು. ಅತ್ತ ಮರಿ ಬೆಣಚುಕಲ್ಲಿನ ಮೇಲೆ ಕಣ್ಣು ಬಿಟ್ಟುಕೊಂಡು ಕಾಯುತ್ತಿತ್ತು.

ಕಾಗೆ ಆಕಳಿಸುತ್ತ ಗೇಲಿ ಮಾಡಿತು: "ಸೌಟು ನಿನ್ನ ಕೈಲೇ ಇದೆ. ಮರಿಗೆ ಹಾಕೋಕೆ ಯಾರಪ್ಪಣೆ ಬೇಕು, ಪೆದ್ದೀ?"

ಬೆಕ್ಕಿನ ಕೈ ಒಂದು ಗಳಿಗೆ ನಿಂತಿತು. ಸಾಲಿನ ತುದಿಯಲ್ಲಿ ಅಳಿಲಿನ ಮರಿಗಳು ಖಾಲಿ ಎಲೆ ನೋಡುತ್ತ ಕೂತಿದ್ದವು. ಅದು ಅತ್ತ ನಡೆಯಿತು.

ಕೊನೆಯ ಎಲೆ ಮುಗಿಯುವಷ್ಟರಲ್ಲಿ ಪೂರ್ವ ಬೆಳ್ಳಗಾಗಿತ್ತು. ಲೋಕವೆಲ್ಲ ಗೊರಕೆ ಹೊಡೆಯುತ್ತಿತ್ತು. ಹಂಡೆ ಖಾಲಿ. ಕಾಡುಬೆಕ್ಕು ಒಳಗೆ ಇಣುಕಿತು. ಬೈಯಲೂ ಶಕ್ತಿಯಿರಲಿಲ್ಲ.

"ತಳ ಹತ್ತಿದ್ದು ಒಂದಿಷ್ಟಿದೆ, ಕೆರಕೊಳ್ರವ್ವ," ಎಂದಳು ಸಂಜವ್ವ, ತಲೆ ತಗ್ಗಿಸಿ.

ಕಾಡುಪಾಪ ಹಂಡೆಯೊಳಗೇ ಮುಖ ತೂರಿಸಿತು. ಸೀದ ಕಪ್ಪು ಕಣ್ಣ ಸುತ್ತ ಮೆತ್ತಿದ್ದು ಇನ್ನೂ ಹೋಗಿಲ್ಲ. ಪುನುಗುಬೆಕ್ಕು ಬಾಲದಲ್ಲಿ ಒರೆಸಿತು. ಬಾಲಕ್ಕೆ ಪಟ್ಟೆಪಟ್ಟೆಯಾಗಿ ಹತ್ತಿತು. ಕಾಡುಬೆಕ್ಕು ಉಗುರಿನಿಂದ ಕೆರೆಯಿತು. ಸಿಕ್ಕಿದ್ದು ಬರೀ ಚೂರುಪಾರು. ಅದನ್ನೇ ಒಂದೊಂದಾಗಿ ಮರಿಯ ನಾಲಿಗೆ ಮೇಲಿಟ್ಟಿತು.

"ಸಿಹಿಯಾಗಿದೆ ಅಮ್ಮ," ಎಂದಿತು ಮರಿ.

ಮರುದಿನ ಮತ್ತೆ ಹಂಡೆ ಒಲೆಗೇರಿತು. ಬಡಿಸುವವರು ಬೇಕಲ್ಲ? ಎಲ್ಲರೂ ತಿರುಗಿ ನೋಡಿದ್ದು ಹಿಂದಿನ ದಿನ ಸೌಟು ಹಿಡಿದವರನ್ನೇ.

ಅದಕ್ಕೇ ಕಾಡುಬೆಕ್ಕು ಇಂದಿಗೂ ರಾತ್ರಿಯೆಲ್ಲ ಸದ್ದಿಲ್ಲದ ಹೆಜ್ಜೆಯಲ್ಲಿ ಓಡಾಡುತ್ತದೆ. ಹಗಲು ಪೊದೆಯಡಿ ಕಿವಿ ನಿಮಿರಿಸಿಕೊಂಡೇ ಚೂರು ಚೂರು ನಿದ್ದೆ ಮಾಡುತ್ತದೆ.

ಒಂದೇ ಒಂದು ಸಣ್ಣ ಮಾತು ನಾನು ಸೇರಿಸಿದ್ದು, ಒಪ್ಪಿದೆ. ಮರಿ "ಸಿಹಿಯಾಗಿದೆ" ಅನ್ನಲಿಲ್ಲ. ಸೀದದ್ದು ಕಹಿಯೇ. ಮೊದಲ ಚೂರು ನಾಲಿಗೆಗೆ ಬೀಳುವಷ್ಟರಲ್ಲಿ ಅದಕ್ಕೆ ನಿದ್ದೆ ಬಂದುಬಿಟ್ಟಿತ್ತು.