ಕೆಂಪು ದಂಟಿನ ಮರಗಾಲು

ಲೋಕ ಇನ್ನೂ ಹೊಸದಾಗಿದ್ದ ಕಾಲ. ತನ್ನ ದಂಡೆ ಎಲ್ಲಿ ಎಂಬುದು ಕೆರೆಗೇ ಗೊತ್ತಿರಲಿಲ್ಲ. ಮನಸ್ಸು ಬಂದಾಗ ಹೊಲಕ್ಕೆ ನುಗ್ಗುತ್ತಿತ್ತು, ಬೇಜಾರಾದಾಗ ಹಿಂದೆ ಸರಿಯುತ್ತಿತ್ತು. ಅದಕ್ಕೆ ಹೇಳುವವರಿಲ್ಲ, ಕೇಳುವವರಿಲ್ಲ.

ಆ ಕೆರೆಯಂಚಿನ ಮಣ್ಣುದಿಬ್ಬದ ಮೇಲೆ ಕಿಕ್ಕವ್ವ ಎಂಬ ಹಕ್ಕಿ ಇದ್ದಳು. ಬಿಳಿ ಮೈ, ಕರಿ ರೆಕ್ಕೆ, ಸೂಜಿಯಂಥ ಕೊಕ್ಕು. ಕಾಲು ಮಾತ್ರ ಗಿಡ್ಡ, ನಿಮ್ಮ ಕಿರುಬೆರಳಿನಷ್ಟು. ಕಾಲು ಗಿಡ್ಡವಾದರೇನು, ಬಿಂಕಕ್ಕೆ ಏನೂ ಕಡಿಮೆಯಿರಲಿಲ್ಲ.

ದಿಬ್ಬದ ಮೇಲೆ ಅವಳ ನಾಲ್ಕು ಮೊಟ್ಟೆಗಳಿದ್ದವು. ಅದೊಂದು ಮುಂಜಾನೆ ಕೆರೆ ಏರತೊಡಗಿತು.

“ನಿಲ್ಲು, ಕೆರೆಯಪ್ಪಾ! ಇಲ್ಲಿ ಮೊಟ್ಟಿ ಅದಾವ!” ಎಂದು ಕಿಕ್ಕವ್ವ ಕೂಗಿದಳು.

“ನನಗೇನ ಗೊತ್ತು? ಏರೂದು ನನ್ನ ಕೆಲಸ,” ಎಂದಿತು ಕೆರೆ.

ಗೂಡಿನಡಿಗೆ ಹುಲ್ಲು ತುರುಕಿ ಎತ್ತರ ಮಾಡಿದರೆ ಮೊಟ್ಟೆ ಉಳಿಯುತ್ತವೆ. ಕಿಕ್ಕವ್ವ ಹಾರಿ ಹೋಗಿ ಹುಲ್ಲು ತಂದಳು. ಆದರೆ ತುರುಕುವುದಕ್ಕೆ ನೀರಿನಲ್ಲಿ ನಿಲ್ಲಬೇಕಲ್ಲ? ಕಾಲಿಟ್ಟಳು, ಕುತ್ತಿಗೆಯವರೆಗೆ ಮುಳುಗಿದಳು. ಇನ್ನೊಮ್ಮೆ ಇಟ್ಟಳು, ಬಾಯಿ ತುಂಬ ನೀರು ಕುಡಿದಳು. ಹುಲ್ಲು ತೇಲಿ ಹೋಯಿತು.

ಮರದ ಮೇಲಿನ ಕೊಕ್ಕರೆ ನಕ್ಕಿತು. “ನೆಲದ ಮ್ಯಾಲ ಮನಿ ಮಾಡಬ್ಯಾಡ ಅಂದಿದ್ದೆ. ಕೇಳಿದೇನು?”

ಆಗ ಚಳಕ್, ಚಳಕ್ ಎಂದು ನೀರು ತುಳಿಯುತ್ತ ಸಿರಿಮಾಳವ್ವ ಬಂದಳು. ದಿಬ್ಬದ ಪಕ್ಕದ ಜೋಳದ ಹೊಲ ಈ ಮುದುಕಿಯದು. ಹೊಲದ ನಡುವೆ ನಾಲ್ಕು ಕಂಬದ ಮೇಲೊಂದು ಅಟ್ಟಣೆ ಕಟ್ಟಿ, ಅದರ ಮೇಲೆ ಕುಳಿತು ಕವಣೆ ಬೀಸಿ ಗಿಳಿ ಓಡಿಸುತ್ತಿದ್ದಳು. ಹಕ್ಕಿಗಳಿಗೆಲ್ಲ ಅವಳೆಂದರೆ ನಡುಕ. ಇವತ್ತು ಅವಳು ಆಳೆತ್ತರದ ಎರಡು ಬಿದಿರುಗಳ ಮೇಲೆ ನಡೆದು ಬರುತ್ತಿದ್ದಳು. ಸೊಂಟಕ್ಕೆ ಮಧ್ಯಾಹ್ನದ ಪಲ್ಯಕ್ಕೆಂದು ಒಂದು ಕಟ್ಟು ಕೆಂಪು ದಂಟು ಸಿಕ್ಕಿಸಿಕೊಂಡಿದ್ದಳು.

ಕಿಕ್ಕವ್ವನಿಗೆ ಹೆದರುವಷ್ಟೂ ಪುರಸೊತ್ತಿರಲಿಲ್ಲ. “ಎವ್ವಾ, ನಿನ್ನೆ ಗಿಡ್ಡ ಇದ್ದಿ. ರಾತ್ರಿ ಕಳಿಯೂದರಾಗ ಇಷ್ಟ ಉದ್ದ ಹೆಂಗ ಬೆಳದಿ?”

“ಬೆಳದಿಲ್ಲ ಮಗಳ, ಕಟಗೊಂಡೀನಿ. ಇವು ಮರಗಾಲು. ಅಟ್ಟಣಿ ನೋಡು, ಅದಕ್ಕೂ ನಾಕು ಮರಗಾಲು. ನೀರು ಕೆಳಗ ಹರದಾಡ್ಲಿ, ನಾವು ಮ್ಯಾಲ ಇರೂದು.” ಅಷ್ಟರಲ್ಲಿ ಮುದುಕಿಗೆ ಗೂಡು ಕಂಡಿತು. “ಅಯ್ಯ, ಮೊಟ್ಟಿ ಮುಳಗತಾವಲ್ಲ! ತಾ, ಅಟ್ಟಣಿ ಮ್ಯಾಲ ಇಡ್ತೀನಿ.”

ಕಿಕ್ಕವ್ವ ಒಮ್ಮೆ ಮೊಟ್ಟೆಗಳತ್ತ ನೋಡಿದಳು. ಆದರೂ ತಲೆ ಎತ್ತಿದಳು. “ಬ್ಯಾಡವ್ವಾ. ನನ್ನ ಮನಿ ನಾನ ಎತ್ತತೀನಿ. ನನಗ ಕಾಲಷ್ಟ ಕೊಡು.”

ಮುದುಕಿ ಕಣ್ಣರಳಿಸಿದಳು. “ಭಲೇ! ನೀ ನನ್ನಂಥಾಕಿನ ಅದಿ!”

ಆಕೆ ಕಿಕ್ಕವ್ವನನ್ನು ಕರೆದುಕೊಂಡು ಹೋಗಿ, ಅಟ್ಟಣೆಯ ಅಂಚಿನ ಮೇಲೆ ಕುಳಿತು ಎರಡು ಎಳೆ ದಂಟು ಆರಿಸಿದಳು. ಸೆರಗಿನ ಅಂಚಿನಿಂದ ನೂಲು ಎಳೆದು, ಹಕ್ಕಿಯ ಗಿಡ್ಡ ಕಾಲಿಗೆ ದಂಟು ಜೋಡಿಸಿ, ಬಿಗಿಯಾಗಿ ಗಂಟು ಹಾಕಿದಳು.

ಕಿಕ್ಕವ್ವ ನೀರಿಗಿಳಿದು ನೆಟ್ಟಗೆ ನಿಂತಳು. ನಿಂತದ್ದೇ ತಡ, ದೊಪ್ಪೆಂದು ಬಿದ್ದಳು. ಎದ್ದು ಮತ್ತೆ ನಿಂತಳು, ಮತ್ತೆ ಬಿದ್ದಳು. ಕೊಕ್ಕರೆ ನಗುತ್ತ ಕೊಂಬೆಯಿಂದ ಜಾರುವುದೊಂದು ಬಾಕಿ.

“ನಿಂದ್ರಬ್ಯಾಡ ಹುಚ್ಚಿ!” ಎಂದು ಗದರಿದಳು ಸಿರಿಮಾಳವ್ವ. “ಮರಗಾಲು ಕಟ್ಟಿದಾಕಿ ಹೆಜ್ಜಿ ಹಾಕ್ತಾನ ಇರಬೇಕು. ಈ ಕಾಲು ಎತ್ತು, ಆ ಕಾಲು ಇಡು. ಹಾಂ, ಹಂಗ!”

ಕಿಕ್ಕವ್ವ ಈ ಕಾಲು ಎತ್ತಿದಳು, ಆ ಕಾಲು ಇಟ್ಟಳು. ಬೀಳಲಿಲ್ಲ. ಹುಲ್ಲು ತಂದಳು, ತುರುಕಿದಳು. ಕಡ್ಡಿ ತಂದಳು, ತುರುಕಿದಳು. ಕೆರೆ ಒಂದು ಬೆರಳು ಏರಿದರೆ ಗೂಡು ಎರಡು ಬೆರಳು ಏರಿತು. ಹೊಟ್ಟೆ ಹಸಿದರೂ ಅವಳು ನಿಲ್ಲಲಿಲ್ಲ.

ಹೊತ್ತು ಇಳಿಯುವಾಗ ಕೆರೆಗೇ ಏದುಸಿರು ಬಂತು. “ಇನ್ನೆಷ್ಟ ಎತ್ತತೀ ನೀ?”

“ನೀ ಎಷ್ಟ ಏರತೀ? ಅದಕ್ಕಿಂತ ಒಂದ ಕಡ್ಡಿ ಹೆಚ್ಚು.”

ಕೆರೆ ಗೂಡಿನ ಎತ್ತರವನ್ನೊಮ್ಮೆ ಅಳೆದು ನೋಡಿತು. ಆಮೇಲೆ ಮೆಲ್ಲಗೆ ಹಿಂದೆ ಸರಿಯಿತು. ಕೊಕ್ಕರೆ ನಗುವುದನ್ನು ಯಾವಾಗಲೋ ನಿಲ್ಲಿಸಿತ್ತು.

ಕೆಲ ದಿನಗಳಲ್ಲಿ ಮೊಟ್ಟೆಗಳು ಟಕ್ ಟಕ್ ಎಂದು ಒಡೆದವು. ನಾಲ್ಕು ಮರಿಗಳೂ ಉದ್ದುದ್ದ ಕಾಲು ಮಡಿಸಿಕೊಂಡೇ ಹೊರಬಂದವು!

ಕಿಕ್ಕವ್ವ ಅಟ್ಟಣೆಗೆ ಹಾರಿ ಹೋದಳು. “ಎವ್ವಾ, ನಿನ್ನ ದಂಟು ತಂದೀನಿ, ಬಿಚ್ಚಿಕೊ.”

ಸಿರಿಮಾಳವ್ವ ಗಂಟು ಹುಡುಕಿದಳು. ಗಂಟಿತ್ತು, ನೂಲಿರಲಿಲ್ಲ. ದಂಟೇ ಕಾಲಾಗಿತ್ತು. “ಇವು ಈಗ ನಿನ್ನವ. ದುಡದ ಗಳಿಸಿದಿ,” ಎಂದು ಹಕ್ಕಿಯ ತಲೆ ಸವರಿದಳು. ಮುದುಕಿಯ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ಹೆಮ್ಮೆಯಿತ್ತು. ಆಮೇಲೆ ಇಬ್ಬರೂ ತಮ್ಮ ತಮ್ಮ ಮರಗಾಲಿನ ಮೇಲೆ ಹೊಲದ ತುದಿಯವರೆಗೆ ಜೊತೆಯಾಗಿ ನಡೆದರು.

ಅದಕ್ಕೇ ಮಕ್ಕಳೇ, ಕಿಕ್ಕವ್ವನ ಕುಲದ ಮೆಟ್ಟುಗಾಲು ಹಕ್ಕಿಯ ಕಾಲು ದಂಟಿನಂತೆ ಕೆಂಪು, ನಡುವೆ ಸಿರಿಮಾಳವ್ವ ಹಾಕಿದ ಗಂಟು. ನೀರಿನಲ್ಲಿ ಅದು ಈ ಕಾಲು ಎತ್ತಿ ಆ ಕಾಲು ಇಡುತ್ತಲೇ ಇರುತ್ತದೆ. ಹಾರುವಾಗ ಆ ಕಾಲುಗಳನ್ನು ಮುಚ್ಚಿಡದೆ, ಊರೆಲ್ಲ ನೋಡಲಿ ಎಂದು ಹಿಂದಕ್ಕೆ ಚಾಚುತ್ತದೆ. ಇವತ್ತಿಗೂ ಕೆರೆ ಏರಿದರೆ ಗೂಡು ಬಿಟ್ಟು ಓಡುವುದಿಲ್ಲ, ಕಿಕ್ ಕಿಕ್ ಎನ್ನುತ್ತ ಕಡ್ಡಿಯ ಮೇಲೆ ಕಡ್ಡಿ ತುರುಕಿ ತನ್ನ ಮನೆಯನ್ನು ತಾನೇ ಎತ್ತುತ್ತದೆ.