ಬರಿ ಗಾಡಿ

"ಗುರುಗಳೆ, ನ್ಯಾಯ ನನ್ನ ಕಡೆ ಇರುವಾಗಲೂ ನಾನೇ ಏಕೆ ದಾರಿ ಬಿಡಬೇಕು? ಬಿಟ್ಟುಕೊಟ್ಟರೆ ಸೋತಂತೆಯೇ ಅಲ್ಲವೆ?" ಎಂದು ಶಿಷ್ಯ ಕೇಳಿದ.

ಮಠದಲ್ಲಿ ದೀಪದ ಪಕ್ಕದ ಜಾಗ ಹಿರಿಯ ಶಿಷ್ಯನದು ಎಂಬ ಕಟ್ಟಳೆಯಿತ್ತು. ಹೊಸದಾಗಿ ಬಂದವನೊಬ್ಬ ಅದನ್ನು ಕೇಳಿದ್ದ. ಏಕೆ ಬೇಕೆಂದು ಇವನು ವಿಚಾರಿಸಿರಲಿಲ್ಲ, ಕೊಟ್ಟೂ ಇರಲಿಲ್ಲ. ಮೂರು ದಿನದಿಂದ ಇಬ್ಬರಿಗೂ ಮಾತಿಲ್ಲ. ಗುರು ಇವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಇಪ್ಪತ್ತು ಮೂಟೆ ಹೇರಿಕೊಂಡು ಒಂದು ಬೆಳಿಗ್ಗೆ ಕೆರೆಯ ಏರಿ ಹತ್ತಿದ. ಏರಿಯ ಮೇಲೆ ಒಂದೇ ಗಾಡಿಗೆ ದಾರಿ. ಎದುರುಬದುರಾದರೆ ಬರಿ ಗಾಡಿ ಹಿಂದೆ ಸರಿದು ತುಂಬಿದ ಗಾಡಿಗೆ ದಾರಿ ಬಿಡಬೇಕು. ಅಜ್ಜಂದಿರ ಕಾಲದ ಕಟ್ಟಳೆ ಅದು. ವ್ಯಾಪಾರಿ ಇಪ್ಪತ್ತು ಮಾರು ಹೋಗಿದ್ದನಷ್ಟೆ, ಎದುರಿಗೆ ಒಬ್ಬ ಕುಂಬಾರನ ಗಾಡಿ ಬಂತು. ಅದರಲ್ಲಿ ಮಡಕೆಯಿಲ್ಲ, ಕುಡಿಕೆಯಿಲ್ಲ. ಒಂದು ಕಂಬಳಿ ಹಾಸಿತ್ತು, ಒಂದು ಹೊದಿಸಿತ್ತು.

ಕುಂಬಾರ ಕೈಮುಗಿದ. "ಸ್ವಾಮಿ, ನಾನು ಏರಿಯನ್ನೆಲ್ಲ ದಾಟಿ ಬಂದಿದ್ದೇನೆ. ನೀವು ಇಪ್ಪತ್ತು ಮಾರು ಹಿಂದೆ ಸರಿದರೆ ಸಾಕು. ಒಳಗೆ ಮಗಳು ಕಾಯಿಲೆಯಿಂದ ಮಲಗಿದ್ದಾಳೆ, ಮದ್ದು ಕೊಡುವ ಪಂಡಿತರ ಮನೆಗೆ ಒಯ್ಯುತ್ತಿದ್ದೇನೆ."

ವ್ಯಾಪಾರಿ ಕೆಟ್ಟವನಲ್ಲ. ಆದರೆ ಹಿಂದಿನ ವರ್ಷ ಇನ್ನೊಬ್ಬ ಹೀಗೆಯೇ "ಅವ್ವ ಮಲಗಿದ್ದಾಳೆ" ಎಂದು ಅವನನ್ನು ಹಿಂದಕ್ಕೆ ಸರಿಸಿದ್ದ. ಆಮೇಲೆ ಕಂಬಳಿ ಎತ್ತಿ ನೋಡಿದರೆ ಅವ್ವನ ಬದಲು ಎರಡು ಕುಂಬಳಕಾಯಿ. ಸಂತೆಯಲ್ಲಿ ಎಲ್ಲರೂ ನಕ್ಕಿದ್ದರು. ಆ ನಗು ಅವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಈ ಸಲ ಅವನು ಗಾಡಿಯಿಂದ ಇಳಿಯಲೂ ಇಲ್ಲ.

"ಮಗಳ ಭಾರ ಎಷ್ಟಪ್ಪ? ನನ್ನದು ಇಪ್ಪತ್ತು ಮೂಟೆ," ಎಂದ.

ಕುಂಬಾರ ವಾದ ಮಾಡಲಿಲ್ಲ. ವಾದಕ್ಕೂ ಹೊತ್ತು ಬೇಕಲ್ಲ. ಎತ್ತುಗಳ ಕೊರಳು ಬಿಚ್ಚಿ ಗಾಡಿಯ ಹಿಂದಕ್ಕೆ ಕಟ್ಟಿದ. ನೊಗಕ್ಕೆ ಎದೆಯೊಡ್ಡಿ ಗಾಡಿಯನ್ನು ಹಿಂದಕ್ಕೆ ತಳ್ಳತೊಡಗಿದ. ಎರಡು ಕೂಗಳತೆ ದೂರ. ಅಷ್ಟು ದೂರವೂ ಮಗಳ ಮುಖ ಅವನ ಕಣ್ಣೆದುರಿಗೇ ಇತ್ತು. ವ್ಯಾಪಾರಿ ಮೂಟೆಗೆ ಒರಗಿ ಎಲೆಯಡಿಕೆ ಹಾಕಿಕೊಂಡು, ಹೆಜ್ಜೆ ಹೆಜ್ಜೆಗೆ ಹಿಂಬಾಲಿಸಿದ. ಗೆದ್ದೆ ಎಂದು ಅವನಿಗೆ ಸಂತೋಷವಾಗಿತ್ತು.

ಏರಿ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಪಕ್ಕದಲ್ಲಿ ಹಾಯುವಾಗ ಕಂಬಳಿಯ ಹೊರಗೆ ಒಂದು ಪುಟ್ಟ ಪಾದ ಕಂಡಿತು. ಕಾಲಲ್ಲಿ ಗೆಜ್ಜೆಯಿತ್ತು. ವ್ಯಾಪಾರಿಯ ಬಾಯಲ್ಲಿ ಎಲೆಯಡಿಕೆ ಹಾಗೆಯೇ ನಿಂತಿತು. ಎತ್ತುಗಳು ಮಾತ್ರ ನಿಲ್ಲಲಿಲ್ಲ, ಅವನೂ ನಿಲ್ಲಿಸಲಿಲ್ಲ.

ನಾಲ್ಕನೆಯ ದಿನ ಉಪ್ಪು ಮಾರಿ ಹಿಂದಿರುಗುವಾಗ ಅವನು ಕುಂಬಾರನ ಮನೆ ಹುಡುಕಿಕೊಂಡು ಹೋದ. ಮಡಕೆ ಮಾಡುವ ತಿಗುರಿ ತಿರುಗದೆ ನಿಂತಿತ್ತು. ಒಂದು ಗಳಿಗೆ ಮುಂಚೆ ತಂದಿದ್ದರೆ ಉಳಿಸಬಹುದಿತ್ತು ಎಂದು ಪಂಡಿತರು ಹೇಳಿದ್ದನ್ನು ನೆರೆಯವರಿಂದ ಕೇಳಿ ಬಾಗಿಲಲ್ಲೇ ಕುಸಿದ. ಕುಂಬಾರ ಬಯ್ಯಲಿಲ್ಲ. ಕುಡಿಯಲು ನೀರು ತಂದುಕೊಟ್ಟ.

"ನೀವು ತಪ್ಪು ಮಾಡಲಿಲ್ಲ ಸ್ವಾಮಿ. ಬರಿ ಗಾಡಿ ದಾರಿ ಬಿಡಬೇಕಾದ್ದೇ," ಎಂದ.

ಒದ್ದಿದ್ದರೆ ವ್ಯಾಪಾರಿ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಗಾಡಿ ಮಾರಿದ, ವ್ಯಾಪಾರ ಬಿಟ್ಟ. ಅಂದಿನಿಂದ ಏರಿಯ ತುದಿಯಲ್ಲಿ ಒಂದು ಕಲ್ಲಿನ ಮೇಲೆ ಕೂತಿರುತ್ತಾನೆ. ಬಂದ ಗಾಡಿಯನ್ನೆಲ್ಲ ತಡೆದು, "ಎದುರಿಗೆ ಬರಿ ಗಾಡಿ ಸಿಕ್ಕರೆ ಇಳಿದು ನೋಡಿ, ಕಂಬಳಿ ಎತ್ತಿ ನೋಡಿ," ಎನ್ನುತ್ತಾನೆ. ಜನ ಅವನನ್ನು ಹುಚ್ಚನೆಂದು ತಿಳಿದು ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಾರೆ.

ಗುರು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೆ, ನ್ಯಾಯ ವ್ಯಾಪಾರಿಯ ಕಡೆಗೇ ಇತ್ತಲ್ಲ?" ಎಂದ.

"ಇತ್ತು ಮಗು, ಈಗಲೂ ಅವನನ್ನು ಬಿಟ್ಟು ಹೋಗಿಲ್ಲ, ಆ ಕಲ್ಲಿನ ಮೇಲೆ ಅವನ ಜೊತೆಗೇ ಕೂತಿದೆ."